ಆಗುವುದಿಲ್ಲವೆಂದರೆ ಹಿಂಬರಹ ಕೊಡಿ: ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳು.

ತಮ್ಮ ಮೂಲಕ ಮೂರೂ ಜಿಲ್ಲೆಗಳ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ, ವಿಷಯ ನಿರ್ವಾಹಕರಿಗೆ ಮತ್ತು ಟಪಾಲು ಶಾಖೆಯ ಸಿಬ್ಬಂದಿಗೆ.

ವಿಷಯ: ಅರ್ಜಿಗಳನ್ನು ದಾಖಲಿಸದೆ, ಉತ್ತರವನ್ನೂ ಕೊಡದೆ ನಿಲ್ಲಿಸಿಡುವ ರೂಢಿಯನ್ನು ತಡೆದು, ನಿರಾಕರಣೆಗೆ ಕಾರಣಸಹಿತ ಹಿಂಬರಹ (ಕಚೇರಿ ಸಹಿ ಮಾಡಿ ಕೊಡುವ ಲಿಖಿತ ಉತ್ತರ) ಕೊಡಿಸುವ ಕುರಿತು.

ಮಾನ್ಯರೇ,

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಸರಕಾರಿ ಕಚೇರಿಗಳಿಗೆ ಬರುವ ಜನರಿಗೆ ಅರ್ಜಿ ಬರೆದುಕೊಡುವವರು ನಾವು. ವಾರಸಾ (ತೀರಿಕೊಂಡವರ ಜಮೀನಿಗೆ ವಾರಸುದಾರರ ಹೆಸರು ಏರಿಸುವುದು), ಉತಾರದಲ್ಲಿನ ಅಂದರೆ ಪಹಣಿಯಲ್ಲಿನ ಹೆಸರು ತಿದ್ದುಪಡಿ, ವಿಧವಾ ವೇತನ, ಬೆಳೆವಿಮೆ, ಮಾಹಿತಿ ಹಕ್ಕು, ಹೀಗೆ ಎಲ್ಲ ಬಗೆಯ ಕಾಗದವೂ ನಮ್ಮ ಕೈಯಿಂದ ಹಾದುಹೋಗುತ್ತದೆ. ಅರ್ಜಿ ಮಂಜೂರಾದರೆ ಕೆಲಸ ಮುಗಿಯಿತು. ತಿರಸ್ಕಾರವಾದರೆ ಮೇಲ್ಮನವಿಯ ದಾರಿಯಿದೆ. ಎರಡೂ ಆಗದೆ ನಿಂತ ಅರ್ಜಿಗೆ ಮಾತ್ರ ಎತ್ತಲೂ ದಾರಿಯಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಮೂರನೇ ಬಗೆಯ ಅರ್ಜಿಗಳ ಸಲುವಾಗಿ.

ಕೌಂಟರಿನಲ್ಲಿ ಕೇಳಿಬರುವ ಮಾತುಗಳು ತಮಗೂ ಗೊತ್ತಿರುತ್ತವೆ. “ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ನಾಳೆ ಬರ್ರಿ.” “ಸರ್ವರ್ ಇಲ್ರಿ.” “ಫೈಲ್ ಮ್ಯಾಲ ಹೋಗೇತಿ.” “ಅರ್ಜಿ ಇಟ್ಟು ಹೋಗ್ರಿ, ನೋಡೂಣು.” ಇವುಗಳಲ್ಲಿ ಒಂದಾದರೂ ಆಗುವುದಿಲ್ಲ ಎಂದು ಹೇಳುವುದಿಲ್ಲ. ಒಂದನ್ನೂ ಯಾರೂ ಬರೆದು ಸಹಿ ಮಾಡುವುದಿಲ್ಲ. ಬೈದು ಕಳಿಸುತ್ತಾರೆಂಬ ದೂರೂ ನಮ್ಮದಲ್ಲ, ಎಷ್ಟೋ ಸಲ ಮರ್ಯಾದೆಯಿಂದಲೇ ಹೇಳುತ್ತಾರೆ. ಆದರೆ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿಕೊಂಡು ಬಂದವರು ಬರಿಗೈಯಲ್ಲಿ ಊರಿಗೆ ಹೋಗುತ್ತಾರೆ. ಕಚೇರಿಯ ಯಾವ ಪುಸ್ತಕದಲ್ಲೂ ಅವರು ಬಂದದ್ದು ದಾಖಲಾಗುವುದಿಲ್ಲ.

ಇಂಗ್ಲಿಷಿನಲ್ಲಿ ಇದನ್ನು ‘ಸ್ಟೋನ್‌ವಾಲಿಂಗ್’ ಎನ್ನುತ್ತಾರೆ. ಕಲ್ಲುಗೋಡೆಯಂತೆ ನಿಂತುಬಿಡುವುದು, ಕೇಳಿದ್ದಕ್ಕೆ ಹೂಂ ಎನ್ನದೆ, ಊಹೂಂ ಎನ್ನದೆ ಎದುರಿನವರನ್ನು ಅಲ್ಲೇ ತಡೆಯುವುದು ಎಂದು ಅದರ ಅರ್ಥ. ಮಾಹಿತಿ ಹಕ್ಕಿನ ಚರ್ಚೆಗಳಲ್ಲಿ ಈಗ ಕನ್ನಡದವರೂ ಈ ಪದವನ್ನು ಬಳಸುತ್ತಾರೆ. ಅದರ ಇತಿಹಾಸವನ್ನು ತಮ್ಮ ಮುಂದಿಡುವುದಕ್ಕೆ ಕಾರಣವಿದೆ. ಗೋಡೆಯಾಗಿ ನಿಲ್ಲುವುದು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದು ಆ ಇತಿಹಾಸದಲ್ಲೇ ಕಾಣುತ್ತದೆ.

ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ 1861ರ ಜುಲೈ 21ರಂದು ವರ್ಜೀನಿಯಾದ ಮನಾಸಸ್ ಎಂಬಲ್ಲಿ, ಬುಲ್ ರನ್ ಹಳ್ಳದ ಹತ್ತಿರ ನಡೆಯಿತು. ದಕ್ಷಿಣದ ಸೈನ್ಯ ಹಿಮ್ಮೆಟ್ಟುತ್ತಿದ್ದಾಗ ಥಾಮಸ್ ಜಾಕ್ಸನ್ ಎಂಬ ದಳಪತಿಯ ತುಕಡಿ ಗುಡ್ಡದ ಮೇಲೆ ಕದಲದೆ ನಿಂತಿತ್ತು. ಅದನ್ನು ಕಂಡ ಬರ್ನಾರ್ಡ್ ಬೀ ಎಂಬ ಇನ್ನೊಬ್ಬ ದಳಪತಿ, ಅಗೋ ಜಾಕ್ಸನ್ ಕಲ್ಲುಗೋಡೆಯ ಹಾಗೆ ನಿಂತಿದ್ದಾನೆ ಎಂದು ಕೂಗಿದನಂತೆ. ಅಂದಿನಿಂದ ಆತ ‘ಸ್ಟೋನ್‌ವಾಲ್’ ಜಾಕ್ಸನ್ ಆದ. ಬೀ ಅದೇ ಕಾಳಗದಲ್ಲಿ ಗಾಯಗೊಂಡು ಮರುದಿನ ತೀರಿಕೊಂಡ. ಆತ ಮೆಚ್ಚಿ ಹೇಳಿದನೋ, ತನ್ನವರು ಸಾಯುತ್ತಿದ್ದರೂ ಜಾಕ್ಸನ್ ನೆರವಿಗೆ ಬಾರದೆ ನಿಂತಿದ್ದಾನೆಂದು ಸಿಟ್ಟಿನಲ್ಲಿ ಹೇಳಿದನೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಕಲ್ಲುಗೋಡೆಯ ಉಪಮೆ ಇಂಗ್ಲಿಷಿನಲ್ಲಿ ಇದಕ್ಕಿಂತ ಹಳೆಯದು, ಆದರೆ ಅದು ಮನೆಮಾತಾದದ್ದು ಆ ಹೆಸರಿನಿಂದ.

ಅದೇ ಶತಮಾನದ ಕೊನೆಯ ದಶಕಗಳಲ್ಲಿ ಪದ ಎರಡು ಕಡೆ ಬೇರೂರಿತು. ಒಂದು ಕ್ರಿಕೆಟ್. ರನ್ನಿನ ಆಸೆ ಬಿಟ್ಟು, ಔಟಾಗದೆ ಉಳಿಯುವುದಕ್ಕಾಗಿ ಬರೀ ಚೆಂಡು ತಡೆಯುವ ಬ್ಯಾಟ್ಸ್‌ಮನ್ನಿಗೆ ‘ಸ್ಟೋನ್‌ವಾಲರ್’ ಎಂದರು. ಇನ್ನೊಂದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಶಾಸನಸಭೆಗಳು. ಮಸೂದೆ ಮತಕ್ಕೆ ಬಾರದ ಹಾಗೆ ಸದಸ್ಯರು ಮಾತನ್ನು ಉದ್ದ ಎಳೆಯುವುದಕ್ಕೆ ಅಲ್ಲಿ ಈ ಹೆಸರು ಬಂತು. ಇಪ್ಪತ್ತನೇ ಶತಮಾನದಲ್ಲಿ ಗಂಡ-ಹೆಂಡತಿಯರ ಜಗಳಗಳನ್ನು ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್, ಸಂಸಾರ ಒಡೆಯುವ ನಾಲ್ಕು ನಡವಳಿಕೆಗಳಲ್ಲಿ ಇದನ್ನೂ ಸೇರಿಸಿದರು. ಎದುರಿಗೆ ಕುಳಿತು, ಮುಖ ತಿರುಗಿಸಿ, ಮಾತೇ ಆಡದಿರುವುದನ್ನು ಅವರು ಹಾಗೆ ಕರೆದರು.

ಪದಕ್ಕೆ ಇಂದಿನ ಕೆಟ್ಟ ಹೆಸರು ತಂದದ್ದು, ಎದುರಾಳಿ ಪಕ್ಷದ ಕಚೇರಿಗೆ ನುಗ್ಗಿದ ಪ್ರಕರಣವನ್ನು ಮುಚ್ಚಿಹಾಕಲು ನೋಡಿದ ಅಮೆರಿಕದ ವಾಟರ್‌ಗೇಟ್ ಹಗರಣ. 1973ರ ಮಾರ್ಚ್ 22ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ತನ್ನ ಸಹಾಯಕರಿಗೆ, ತನಿಖೆಯವರಿಗೆ ಏನೂ ಹೇಳಬೇಡಿ, ಕಲ್ಲುಗೋಡೆಯಾಗಿ ನಿಲ್ಲಿ ಎಂಬ ಅರ್ಥದಲ್ಲಿ ಇದೇ ಪದ ಬಳಸಿ ಹೇಳಿದ್ದು ಶ್ವೇತಭವನದ ಟೇಪಿನಲ್ಲೇ ದಾಖಲಾಗಿತ್ತು. ಆಮೇಲೆ ಆಗಿದ್ದನ್ನು ತಾವು ಗಮನಿಸಬೇಕು. ಟೇಪುಗಳನ್ನು ಕೊಡಿ ಎಂದು ಕೇಳಿದಾಗ ನಿಕ್ಸನ್ ಅಧ್ಯಕ್ಷರ ವಿಶೇಷಾಧಿಕಾರ ಎಂಬ ಕಾರಣ ಕೊಟ್ಟು, ಕೊಡುವುದಿಲ್ಲ ಎಂದು ಕೋರ್ಟಿನ ಮುಂದೆಯೇ ನಿರಾಕರಿಸಬೇಕಾಯಿತು. ಕಾರಣ ಮುಂದೆ ಬಂದದ್ದರಿಂದ ಅದನ್ನು ಪರೀಕ್ಷಿಸಲು ಸಾಧ್ಯವಾಯಿತು. 1974ರ ಜುಲೈ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾರಣ ನಿಲ್ಲುವುದಿಲ್ಲ ಎಂದಿತು. ಆಗಸ್ಟ್ 9ರಂದು ಅಧ್ಯಕ್ಷ ಕುರ್ಚಿ ಬಿಟ್ಟ. ಅಷ್ಟು ದೊಡ್ಡ ಅಧಿಕಾರವಾದರೂ, ‘ಇಲ್ಲ’ ಎಂಬುದಕ್ಕೆ ಕಾರಣ ಹೇಳಿದ ಮೇಲೆ ಅದನ್ನು ಪ್ರಶ್ನಿಸಬಹುದು. ನಮ್ಮ ಊರಿನ ಕೌಂಟರಿನ ‘ನಾಳೆ ಬರ್ರಿ’ಯನ್ನು ಪ್ರಶ್ನಿಸಲು ಕೋರ್ಟಿಗೂ ಆಗುವುದಿಲ್ಲ.

ರಣರಂಗದಲ್ಲಿ ಎದುರಿಗೆ ಶತ್ರು ಇರುತ್ತಾನೆ, ಅಲ್ಲಿ ಗೋಡೆ ಬೇಕು. ನಮ್ಮ ರಾಹುಲ್ ದ್ರಾವಿಡ್ ಅವರನ್ನು ಜಗತ್ತೇ ‘ದಿ ವಾಲ್’ ಎಂದು ಮೆಚ್ಚಿತು, ಏಕೆಂದರೆ ಅವರು ತಡೆದದ್ದು ಎದುರಾಳಿಯ ಚೆಂಡನ್ನು. ಮೇಲಾಗಿ ಟೆಸ್ಟ್ ಪಂದ್ಯ ಐದನೇ ದಿನ ಸಂಜೆ ಮುಗಿಯುತ್ತದೆ, ಮಧ್ಯದಲ್ಲಿ ಅಂಪೈರ್ ನಿಂತಿರುತ್ತಾರೆ. ಕೌಂಟರಿಗೆ ಬಂದವರು ಯಾರ ಎದುರಾಳಿಯೂ ಅಲ್ಲ. ಸಂಬಳ ಕೊಡುವ ತೆರಿಗೆಯಲ್ಲಿ ಅವರ ಪಾಲೂ ಇದೆ.

ನಿರಾಕರಿಸುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಈ ನೆಲದವರು ಹಾಗೆ ಹೇಳಲಾರರು. ಹಿರೇಕೆರೂರು ತಾಲೂಕಿನ ರೈತರು 1930ರ ದಶಕದ ಆರಂಭದಲ್ಲಿ ಬ್ರಿಟಿಷರಿಗೆ ಕರ ಕೊಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿ, ಅದರ ಶಿಕ್ಷೆಯನ್ನೂ ಉಂಡರು. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನವಲಗುಂದ, ನರಗುಂದದ ರೈತರು ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನು ಸುಧಾರಿಸಿತೆಂದು ಹಾಕಿದ ಕರ) ಕೊಡುವುದಿಲ್ಲ ಎಂದರು, ಏಕೆ ಕೊಡುವುದಿಲ್ಲ ಎಂದೂ ಹೇಳಿದರು. ಜುಲೈ 21ರ ಗೋಲಿಬಾರಿನಲ್ಲಿ ಜೀವ ತೆತ್ತರು. ಅವು ಮುಖ ಎತ್ತಿ, ಹೆಸರು ಹೇಳಿ, ಕಾರಣ ಕೊಟ್ಟು ಮಾಡಿದ ನಿರಾಕರಣೆಗಳು. ಬಡ ರೈತರಿಗೆ ಸಾಧ್ಯವಾದ ಈ ನೇರತನ ಸರಕಾರಿ ಕಚೇರಿಗೆ ಸಾಧ್ಯವಾಗಬಾರದೇ?

ಈಗ ಈ ಗೋಡೆ ಎಲ್ಲಿಂದ ಏಳುತ್ತದೆ ಎಂಬುದಕ್ಕೆ ಬರುತ್ತೇವೆ.

ಮೊದಲ ಕಲ್ಲು ಬೀಳುವುದು ಟಪಾಲಿನಲ್ಲಿ. ಅರ್ಜಿ ಬಂದ ಕ್ಷಣವೇ ಆವಕ ಪುಸ್ತಕದಲ್ಲಿ, ಅಂದರೆ ಬಂದ ಕಾಗದಗಳ ದಾಖಲೆಯಲ್ಲಿ ಏರಬೇಕು. ಅರ್ಜಿದಾರರ ಪ್ರತಿಯ ಮೇಲೆ ಆವಕ ಸಂಖ್ಯೆ, ದಿನಾಂಕ, ಕಚೇರಿಯ ಸೀಲು ಮತ್ತು ಪಡೆದವರ ಸಹಿ ಬೀಳಬೇಕು. ನಡೆಯುತ್ತಿರುವುದು ಬೇರೆ. “ಮೊದಲ ಕೇಸ್ ವರ್ಕರ್‌ಗ ತೋರಿಸಿ ಬರ್ರಿ” ಎಂದು ಟಪಾಲಿನವರು ಕಳಿಸುತ್ತಾರೆ. ವಿಷಯ ನಿರ್ವಾಹಕರು ಕಾಗದ ತಿರುವಿ, “ಇದಕ್ಕ ಇನ್ನೊಂದು ದಾಖಲೆ ಬೇಕು, ತಗೊಂಡು ಬರ್ರಿ” ಎಂದು ಹಾಗೆಯೇ ತಿರುಗಿ ಕೊಡುತ್ತಾರೆ. ಅರ್ಜಿ ಕಚೇರಿಯ ಒಳಗೆ ಬಂದು ಹೊರಗೂ ಹೋಯಿತು, ಆದರೆ ಪುಸ್ತಕದ ಪ್ರಕಾರ ಅದು ಬಂದೇ ಇಲ್ಲ. ಇನ್ನು ಕೆಲವೆಡೆ ಸೀಲು ಒತ್ತುತ್ತಾರೆ, ಸಂಖ್ಯೆ ಬರೆಯುವುದಿಲ್ಲ. ಸಂಖ್ಯೆಯಿಲ್ಲದ ಸೀಲಿನಿಂದ ಕಾಗದವನ್ನು ಹುಡುಕಲು ಬರುವುದಿಲ್ಲ, ಆರು ತಿಂಗಳ ಮೇಲೆ ಇದು ನಮ್ಮ ಸೀಲು ಅಲ್ಲ ಎಂದರೂ ಅರ್ಜಿದಾರರ ಹತ್ತಿರ ಉತ್ತರವಿರುವುದಿಲ್ಲ.

ಆವಕ ದಿನಾಂಕ ಇಷ್ಟು ಮುಖ್ಯ ಏಕೆ? ಕಾನೂನಿನ ಗಡಿಯಾರ ಅಲ್ಲಿಂದಲೇ ಓಡುತ್ತದೆ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 7(1)ರ 30 ದಿನ ಎಣಿಸುವುದು ಅರ್ಜಿ ತಲುಪಿದ ದಿನದಿಂದ. ಆ ಅವಧಿಯಲ್ಲಿ ಉತ್ತರ ಬಾರದಿದ್ದರೆ ನಿರಾಕರಿಸಿದಂತೆಯೇ ಎಂದು ಕಲಂ 7(2) ಹೇಳುತ್ತದೆ. ಕಾಯ್ದೆ ಬರೆದವರಿಗೆ ಕಚೇರಿಯ ಮೌನದ ಪರಿಚಯ ಚೆನ್ನಾಗಿಯೇ ಇತ್ತು. ಅವಧಿ ಮೀರಿದರೆ ಕಲಂ 7(6)ರಂತೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕು. ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಲು ಕಲಂ 20ರಲ್ಲಿ ಅವಕಾಶವಿದೆ, ಸಕಾರಣವಿಲ್ಲದೆ ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೂ ಈ ದಂಡ ತಪ್ಪದು. ಇಷ್ಟೆಲ್ಲ ರಕ್ಷಣೆಯೂ ಒಂದು ಆವಕ ಸಂಖ್ಯೆಯ ಮೇಲೆ ನಿಂತಿದೆ. ಅದು ಸಿಗದಿದ್ದರೆ ಮೂವತ್ತನೇ ದಿನ ಬರುವುದೇ ಇಲ್ಲ.

ಸರಕಾರಿ ಸೇವೆಗಳನ್ನು ಗೊತ್ತುಪಡಿಸಿದ ಅವಧಿಯೊಳಗೆ ಕೊಡಿಸುವ ರಾಜ್ಯದ ವ್ಯವಸ್ಥೆಯಾದ ಸಕಾಲದ ಕಥೆಯೂ ಇದೇ. 2012ರ ಮಾರ್ಚ್ 1ರಂದು ರಾಜ್ಯದ ನಾಲ್ಕು ತಾಲೂಕುಗಳಲ್ಲಿ ಸಕಾಲ ಪ್ರಾಯೋಗಿಕವಾಗಿ ಆರಂಭವಾದಾಗ ಔರಾದ್, ಚಿತ್ರದುರ್ಗ, ಪುತ್ತೂರುಗಳ ಜೊತೆ ನಮ್ಮ ಧಾರವಾಡವೂ ಇತ್ತು. ಏಪ್ರಿಲ್ 2ರಿಂದ ರಾಜ್ಯಕ್ಕೆಲ್ಲ ಬಂತು. ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಸಂಖ್ಯೆ ಕೊಡಬೇಕು, ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಮೊದಲು ಸಕ್ಷಮ ಅಧಿಕಾರಿಗೆ, ಆಮೇಲೆ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ. ವ್ಯವಸ್ಥೆ ಒಳ್ಳೆಯದು, ಕೊರತೆ ಬಾಗಿಲಲ್ಲಿದೆ. ಅರ್ಜಿಯನ್ನು ‘ಕೈಯಲ್ಲಿ’ ಇಟ್ಟುಕೊಂಡು, ಒಳಗಿನ ಕೆಲಸವೆಲ್ಲ ಮುಗಿದ ಮೇಲೆ ಗಣಕದಲ್ಲಿ ಏರಿಸಿ ಸಂಖ್ಯೆ ತೆಗೆದರೆ, ಎರಡು ತಿಂಗಳು ಕಾಯಿಸಿದ ಕೆಲಸವೂ ಎರಡು ದಿನದಲ್ಲಿ ವಿಲೇವಾರಿಯಾದಂತೆ ಕಾಣುತ್ತದೆ. ತಮ್ಮ ಪ್ರಗತಿ ಪರಿಶೀಲನಾ ಸಭೆಯ ಪರದೆಯ ಮೇಲೆ ಬರುವ ಹಸಿರು ಅಂಕಿಗಳಲ್ಲಿ ಇಂಥವು ಎಷ್ಟಿವೆ ಎಂದು ಆ ಪರದೆ ಹೇಳಲಾರದು.

ಮಾಹಿತಿ ಹಕ್ಕಿನ ಅರ್ಜಿಗಳಲ್ಲಿ ಗೋಡೆ ಇನ್ನೂ ನಯವಾಗಿ ಏಳುತ್ತದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿನ ಮೇಲೆ ಪದನಾಮದ ಒಂದು ಅಕ್ಷರ ಹೆಚ್ಚುಕಡಿಮೆಯಾಯಿತೆಂದು ಇಡೀ ಅರ್ಜಿ ವಾಪಸಾಗುತ್ತದೆ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಕಲಂ 6(3)ರಂತೆ 5 ದಿನದೊಳಗೆ ಅಲ್ಲಿಗೆ ವರ್ಗಾಯಿಸುವುದು ಕಚೇರಿಯ ಕೆಲಸ. ಇಲ್ಲಿ 25ನೇ ದಿನ “ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸುವುದು” ಎಂಬ ಪತ್ರ ಬರುತ್ತದೆ. ಕಾಗದ ಬಹಳವಿದೆ ಎಂದು ಕಲಂ 7(9) ತೋರಿಸುತ್ತಾರೆ. ಆ ಕಲಂ ಹೇಳುವುದು, ಕೇಳಿದ ರೂಪದಲ್ಲಿ ಕೊಟ್ಟರೆ ಸಂಪನ್ಮೂಲ ವಿಪರೀತ ವ್ಯಯವಾಗುವುದಾದರೆ ಬೇರೆ ರೂಪದಲ್ಲಿ ಕೊಡಬಹುದು ಎಂದಷ್ಟೇ. ಕೊಡದೇ ಇರಬಹುದು ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಕಡತಗಳನ್ನು ಮುಂದಿಟ್ಟು ಪರಿಶೀಲನೆಗೆ ಅವಕಾಶ ಕೊಟ್ಟರೆ ಎಷ್ಟೋ ಅರ್ಜಿದಾರರಿಗೆ ಬೇಕಾಗುವುದು ನಾಲ್ಕೇ ಹಾಳೆ.

‘ಕಡತ ಲಭ್ಯವಿಲ್ಲ’ ಎಂಬುದು ಬಹಳ ಗಟ್ಟಿ ಕಲ್ಲು. ಕಾಯ್ದೆಯಲ್ಲಿ ಮಾಹಿತಿ ನಿರಾಕರಿಸಲು ಇರುವ ಕಾರಣಗಳು ಕಲಂ 8 ಮತ್ತು 9ರಲ್ಲಿವೆ. ಕಡತ ಕಳೆದಿರುವುದು ಅವುಗಳಲ್ಲಿ ಸೇರಿಲ್ಲ. 2013ರಲ್ಲಿ ದೆಹಲಿ ಹೈಕೋರ್ಟ್ ವಿಶ್ವಾಸ ಭಾಂಬುರ್ಕರ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಒಮ್ಮೆ ಇದ್ದ ದಾಖಲೆ ಸಿಗುತ್ತಿಲ್ಲವೆಂದರೆ ಸರಿಯಾಗಿ ಹುಡುಕಬೇಕು, ಸಿಗದಿದ್ದರೆ ವಿಚಾರಣೆ ಮಾಡಿ ಯಾರ ಹೊಣೆಯೆಂದು ಗೊತ್ತುಮಾಡಬೇಕು ಎಂದಿದೆ. ಅಂದರೆ ಲಭ್ಯವಿಲ್ಲ ಎಂಬ ಉತ್ತರದ ಜೊತೆಗೆ, ಕಡತ ಕೊನೆಗೆ ಯಾರ ಮೇಜಿನಲ್ಲಿತ್ತು, ಯಾವ ದಿನಾಂಕದ ಚಲನವಹಿಯಲ್ಲಿ (ಕಡತ ಮೇಜಿನಿಂದ ಮೇಜಿಗೆ ಹೋದದ್ದನ್ನು ಬರೆಯುವ ಪುಸ್ತಕ) ಅದರ ಹೆಸರಿದೆ, ರೆಕಾರ್ಡ್ ರೂಮಿನಲ್ಲಿ ಯಾರು ಹುಡುಕಿದರು ಎಂಬುದೂ ಬರಬೇಕು.

ಮೂರನೇ ವ್ಯಕ್ತಿಯ, ಅಂದರೆ ಅರ್ಜಿದಾರರೂ ಕಚೇರಿಯೂ ಅಲ್ಲದ ಬೇರೊಬ್ಬರ ಮಾಹಿತಿ ಎಂಬ ಕಾರಣವನ್ನು ಒಂದು ಉದಾಹರಣೆಯಿಂದ ನೋಡೋಣ. ಬೆಳೆವಿಮೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಗೆ ನಾಲ್ಕು ಬೆಳೆ ಕಟಾವು ಪ್ರಯೋಗ ನಡೆಯುತ್ತವೆ. ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡಿನಲ್ಲಿ, ಅಂದರೆ 25 ಚದರ ಮೀಟರಿನಲ್ಲಿ ಬಂದ ಫಸಲನ್ನು ತೂಗಿ ಹೆಕ್ಟೇರಿಗೆ ಲೆಕ್ಕ ಹಾಕುತ್ತಾರೆ. ಒಂದು ಹೆಕ್ಟೇರಿನಲ್ಲಿ ಇಂಥ 400 ತುಂಡು. ಆ ತುಂಡಿನ ತೂಕದಲ್ಲಿ 1 ಕಿಲೋ ಹೆಚ್ಚು ಬರೆದರೆ ಹೆಕ್ಟೇರಿಗೆ 4 ಕ್ವಿಂಟಲ್ ಹೆಚ್ಚಾಯಿತು. ನಾಲ್ಕು ಪ್ರಯೋಗಗಳ ಸರಾಸರಿ ಹಿಡಿದರೂ ಇಡೀ ಪಂಚಾಯಿತಿಯ ಇಳುವರಿ 1 ಕ್ವಿಂಟಲ್ ಏರಿತು. ಹಾವೇರಿ ಕಡೆಯ ಗೋವಿನಜೋಳವಿರಲಿ, ಗದಗ ಕಡೆಯ ಹೆಸರುಕಾಳಿರಲಿ, ಪರಿಹಾರ ಬರುವುದೋ ಇಲ್ಲವೋ ಎಂಬುದು ಈ ಅಂಕಿಯ ಮೇಲೆ ನಿಲ್ಲುತ್ತದೆ. ಹೊಲದ ಸರ್ವೇ ನಂಬರ್, ಕಟಾವಿನ ದಿನಾಂಕ, ತೂಕ, ಸಹಿ ಮಾಡಿದವರ ಪದನಾಮ, ಇಷ್ಟನ್ನು ಪಂಚಾಯಿತಿಯ ರೈತರು ಕೇಳಿದರೆ, ಹೊಲದ ಮಾಲೀಕ ಮೂರನೇ ವ್ಯಕ್ತಿ ಎಂದು ಅರ್ಜಿ ನಿಲ್ಲುತ್ತದೆ. ಕಲಂ 11ರಂತೆ ಆ ಮಾಲೀಕನಿಗೆ 5 ದಿನದೊಳಗೆ ನೋಟಿಸು ಕೊಡಬೇಕು, ಅಭಿಪ್ರಾಯ ಹೇಳಲು ಆತನಿಗೆ 10 ದಿನ, ಒಟ್ಟು 40 ದಿನದೊಳಗೆ ತೀರ್ಮಾನ. ನೋಟಿಸನ್ನೇ ಕಳಿಸದೆ ಕಲಂ 11 ಎಂದು ಬರೆದರೆ ಅದು ಕಾರಣವಾಗುವುದಿಲ್ಲ. ಖಾಸಗಿ ವಿವರ ಇದ್ದರೆ ಅಷ್ಟನ್ನು ಮುಚ್ಚಿ ಉಳಿದದ್ದನ್ನು ಕೊಡಲು ಕಲಂ 10 ಇದೆ. ಸಾರ್ವಜನಿಕ ಹಿತ ದೊಡ್ಡದಾದಲ್ಲಿ ಕೊಡಲು ಕಲಂ 8(2) ಇದೆ. ತೂಕದ ಅಂಕಿಯಲ್ಲಿ ಯಾರ ಖಾಸಗಿತನವೂ ಇಲ್ಲ.

ಮೇಲ್ಮನವಿ ಇಲ್ಲವೇ ಎಂದು ತಾವು ಕೇಳಬಹುದು. ಕಲಂ 19ರಂತೆ ಮೊದಲ ಮೇಲ್ಮನವಿಗೆ 30 ದಿನ, ಅದರ ವಿಲೇವಾರಿಗೆ 30, ಹೆಚ್ಚೆಂದರೆ 45 ದಿನ, ಆಮೇಲೆ ಮಾಹಿತಿ ಆಯೋಗಕ್ಕೆ 90 ದಿನದೊಳಗೆ ಎರಡನೆಯದು. ನಿರಾಕರಣೆ ಸರಿಯೆಂದು ಸಾಬೀತು ಮಾಡುವ ಹೊಣೆ ಮಾಹಿತಿ ಅಧಿಕಾರಿಯದೇ ಎಂದು 19(5) ಹೇಳುತ್ತದೆ. ಆದರೆ ಮಾಹಿತಿ ಹಕ್ಕಿನ ಹೊರಗಿನ ಸಾಮಾನ್ಯ ಅರ್ಜಿಗಳಿಗೆ ಮೌನವೇ ನಿರಾಕರಣೆ ಎನ್ನುವ 7(2)ರಂಥ ಆಸರೆ ಇಲ್ಲ. ವಾರಸಾ ಅರ್ಜಿಯ ಆದೇಶದ ವಿರುದ್ಧ ಭೂ ಕಂದಾಯ ಅಧಿನಿಯಮದ ಕಲಂ 136(2)ರಂತೆ 60 ದಿನದೊಳಗೆ ಉಪವಿಭಾಗಾಧಿಕಾರಿಗಳ ಹತ್ತಿರ ಹೋಗಬಹುದು, ಆದರೆ ಮೊದಲು ಆದೇಶವೊಂದು ಇರಬೇಕಲ್ಲ? ಧಾರವಾಡದಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠವಿದೆ. ಅಲ್ಲಿ ಕೆಲಸ ಮಾಡಿಸಿಕೊಡಿ ಎಂಬ ರಿಟ್ ಹಾಕಬೇಕೆಂದರೂ, ಕೇಳಿದ್ದೆವು, ನಿರಾಕರಿಸಿದರು ಎಂದು ಸಾಮಾನ್ಯವಾಗಿ ತೋರಿಸಬೇಕಾಗುತ್ತದೆ. ವಕೀಲರು ಮೊದಲು ಕೇಳುವ ಪ್ರಶ್ನೆಯೇ “ಹಿಂಬರಹ ಐತೇನ್ರಿ?” ಎಂಬುದು.

ಸಿಬ್ಬಂದಿ ಹೀಗೇಕೆ ಮಾಡುತ್ತಾರೆ ಎಂಬುದನ್ನೂ ಹೇಳದಿದ್ದರೆ ಈ ಪತ್ರ ಅನ್ಯಾಯವಾಗುತ್ತದೆ. ಖಾಲಿ ಹುದ್ದೆಗಳಿವೆ, ಒಬ್ಬರೇ ಎರಡು ಮೂರು ಸಂಕಲನ (ವಿಷಯವಾರು ಕೆಲಸದ ವಿಭಾಗ) ನೋಡುತ್ತಾರೆ. ಅರ್ಜಿ ಪುಸ್ತಕಕ್ಕೆ ಏರಿದರೆ ತಿಂಗಳ ಬಾಕಿ ಪಟ್ಟಿಯಲ್ಲಿ ಅಂಕಿ ಏರುತ್ತದೆ, ಸಭೆಯಲ್ಲಿ ಮೇಲಿನವರ ಮಾತು ಕೇಳಬೇಕಾಗುತ್ತದೆ. ಏರದಿದ್ದರೆ ಕೇಳುವವರಿಲ್ಲ. ಎರಡನೆಯದು ಬರವಣಿಗೆಯ ಭಯ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆದೇಶದಲ್ಲಿ ಬರೆದ ಕಾರಣದ ಮೇಲೆಯೇ ಆದೇಶ ನಿಲ್ಲಬೇಕು, ಆಮೇಲೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ಸೇರಿಸಲು ಬರುವುದಿಲ್ಲ ಎಂದಿತು. ಬರೆದವರು ತಮ್ಮ ಬರಹಕ್ಕೆ ಕಟ್ಟುಬೀಳುತ್ತಾರೆ. ಬಾಯಿಮಾತಿಗೆ ಯಾರೂ ಕಟ್ಟುಬೀಳುವುದಿಲ್ಲ. ಮೂರನೆಯದಾಗಿ, ಮಾಹಿತಿ ಹಕ್ಕನ್ನು ಬೆದರಿಕೆಗೆ ಬಳಸುವವರೂ ಇದ್ದಾರೆ, ಅದು ಸುಳ್ಳಲ್ಲ. ಶೇಕಡಾ 75ರಷ್ಟು ಸಿಬ್ಬಂದಿ ತಮ್ಮ ಶೇಕಡಾ 75ರಷ್ಟು ಸಮಯವನ್ನು ಅರ್ಜಿದಾರರಿಗೆ ಮಾಹಿತಿ ಹೊಂದಿಸುವುದರಲ್ಲೇ ಕಳೆಯುವ ಸ್ಥಿತಿ ದೇಶಕ್ಕೆ ಬೇಡ ಎಂದು 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಂಥ ಅರ್ಜಿಯನ್ನು ಕಾರಣ ಬರೆದು ತಿರಸ್ಕರಿಸಿ, ನಮ್ಮ ತಕರಾರಿಲ್ಲ. ಅವರ ಕಾಟದ ಹೆಸರಿನಲ್ಲಿ ವಿಧವಾ ವೇತನದ ಅರ್ಜಿಯೂ ಅದೇ ಗೋಡೆಗೆ ಬಡಿಯುವುದು ಬೇಡ.

ಹಿಂಬರಹ ಬರೆಯುವುದು ದೊಡ್ಡ ಕೆಲಸವಲ್ಲ, ಅರ್ಧ ಹಾಳೆ ಸಾಕು. ವಾರಸಾ ಅರ್ಜಿಯೊಂದಕ್ಕೆ ಅದು ಹೀಗಿರಬಹುದು:

“ತಾವು ದಿನಾಂಕ ____ ರಂದು ಸಲ್ಲಿಸಿದ, ಈ ಕಚೇರಿಯ ಆವಕ ಸಂಖ್ಯೆ ____ ರ ಅರ್ಜಿಯನ್ನು ಪರಿಶೀಲಿಸಲಾಗಿದೆ. ಮರಣ ಪ್ರಮಾಣಪತ್ರದಲ್ಲಿ ಮೃತರ ಹೆಸರು ಬಸಪ್ಪ ಎಂದೂ, ಪಹಣಿಯಲ್ಲಿ ಬಸವಣ್ಣೆಪ್ಪ ಎಂದೂ ಇದ್ದು, ಇಬ್ಬರೂ ಒಬ್ಬರೇ ಎಂಬುದಕ್ಕೆ ಆಧಾರ ಲಗತ್ತಿಸಿರುವುದಿಲ್ಲ. ಈ ಕಾರಣದಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಸದರಿ ಆಧಾರದೊಂದಿಗೆ ಹೊಸದಾಗಿ ಅರ್ಜಿ ಸಲ್ಲಿಸಬಹುದು. ಈ ಆದೇಶದಿಂದ ಬಾಧಿತರಾದಲ್ಲಿ 60 ದಿನದೊಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು.” ಕೆಳಗೆ ಸಹಿ, ಹೆಸರು, ಪದನಾಮ, ದಿನಾಂಕ.

ಇಷ್ಟರಲ್ಲಿ ಎಲ್ಲವೂ ಇದೆ. ಯಾವ ಕಾಗದ ಕಡಿಮೆ ಬಿದ್ದಿದೆ ಎಂದು ಅರ್ಜಿದಾರರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ, ಪ್ರತಿ ಸಲ ಬಂದಾಗಲೂ ಹೊಸದೊಂದು ದಾಖಲೆ ಕೇಳುವುದು ನಿಲ್ಲುತ್ತದೆ. ‘ನಿಯಮಾನುಸಾರ ಅವಕಾಶವಿರುವುದಿಲ್ಲ’ ಎಂದಷ್ಟೇ ಬರೆದ ಹಿಂಬರಹ ಮಾತ್ರ ಬೇಡ. ಯಾವ ನಿಯಮ ಎಂದು ಹೇಳದಿದ್ದರೆ ಅದೂ ಗೋಡೆಯೇ. ಆಡಳಿತಾತ್ಮಕ ತೀರ್ಮಾನಗಳ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಡಿ) ಹೇಳುತ್ತದೆ, ಇದಕ್ಕಾಗಿ ಯಾರೂ ಅರ್ಜಿ ಹಾಕಬೇಕಾಗಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ವಿನಂತಿ. ಟಪಾಲಿನಲ್ಲಿ ಬಂದ ಯಾವ ಅರ್ಜಿಯನ್ನೂ ದಾಖಲೆ ಸಾಲದೆಂದು ನೋಂದಾಯಿಸದೆ ತಿರುಗಿಸಬಾರದು, ಮೊದಲು ಸಂಖ್ಯೆ, ಆಮೇಲೆ ಪರಿಶೀಲನೆ ಎಂದು ಲಿಖಿತ ಸುತ್ತೋಲೆ ಹೊರಡಿಸಿ, ಅದರ ಪ್ರತಿಯನ್ನು ಜನರಿಗೆ ಕಾಣುವಂತೆ ಕೌಂಟರಿನ ಮೇಲೆ ಅಂಟಿಸಿರಿ. ದಿನದ ಕೊನೆಯ ಆವಕ ಸಂಖ್ಯೆಯನ್ನು ಸಂಜೆ ಫಲಕದ ಮೇಲೆ ಬರೆಸಿರಿ. ಆಗ ಮಧ್ಯದಲ್ಲಿ ಸಂಖ್ಯೆ ತೂರಿಸಲು ಬರುವುದಿಲ್ಲ. ಅಂಚೆಯಲ್ಲಿ ಬಂದ ಲಕೋಟೆಯನ್ನು ಯಾವ ಕಾರಣಕ್ಕೂ ತಿರಸ್ಕರಿಸಬಾರದು. ರಜಿಸ್ಟರ್ ಅಂಚೆ ಈಗ ಸ್ಪೀಡ್ ಪೋಸ್ಟಿನಲ್ಲಿ ಸೇರಿರುವುದರಿಂದ ಸ್ಪೀಡ್ ಪೋಸ್ಟನ್ನೂ ರಜಿಸ್ಟರ್ ಅಂಚೆಯಷ್ಟೇ ಗಂಭೀರತೆಯಿಂದ ಪಡೆಯಬೇಕೆಂದು ತಿಳಿಸಿರಿ.

ಪರಿಶೀಲನಾ ಸಭೆಯಲ್ಲಿ ಬಾಕಿಯ ಅಂಕಿಯೊಂದನ್ನೇ ಕೇಳಬೇಡಿರಿ ಎಂಬುದು ನಮ್ಮ ಮುಖ್ಯ ಮನವಿ. ಆ ತಿಂಗಳು ಎಷ್ಟು ಹಿಂಬರಹ ಕೊಟ್ಟಿರಿ, ಅವುಗಳಲ್ಲಿ ಎಷ್ಟರಲ್ಲಿ ಕಾರಣ ಮತ್ತು ಮೇಲ್ಮನವಿಯ ವಿವರ ಇದೆ ಎಂದು ಕೇಳಿರಿ, ಹತ್ತು ಪ್ರತಿ ತರಿಸಿ ಓದಿರಿ. ಕಾರಣಸಹಿತ ಹಿಂಬರಹವನ್ನು ಪೂರ್ಣ ವಿಲೇವಾರಿ ಎಂದು ಒಪ್ಪಿರಿ. ಬರೆದು ಕೊಟ್ಟ ಸಿಬ್ಬಂದಿಗೆ ಅದರಿಂದ ತೊಂದರೆಯಾಗುವುದಿಲ್ಲ ಎಂಬ ಭರವಸೆ ತಮ್ಮಿಂದ ಬಂದರೆ ಮಾತ್ರ ಅವರ ಪೆನ್ನು ಏಳುತ್ತದೆ. ಕೆಳಗಿನವರನ್ನು ಬೈದು ಈ ರೂಢಿ ಹೋಗದು, ಲೆಕ್ಕ ಹಿಡಿಯುವ ರೀತಿ ಬದಲಾದರೆ ಹೋಗುತ್ತದೆ. ಕಡತ ಲಭ್ಯವಿಲ್ಲ ಎಂಬ ಉತ್ತರಗಳು ಮಾತ್ರ ತಮ್ಮ ಅಥವಾ ಇಲಾಖಾ ಮುಖ್ಯಸ್ಥರ ಗಮನಕ್ಕೆ ಬಾರದೆ ಹೊರಗೆ ಹೋಗಬಾರದು.

ಓದು ಬರಹ ಬಾರದವರು ಬಾಯಿಂದ ಕೇಳಿದರೆ ಅದನ್ನು ಬರಹಕ್ಕೆ ಇಳಿಸಲು ನೆರವಾಗಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 6(1)ರಲ್ಲೇ ಇದೆ. ನಮ್ಮಂಥವರಿಗೆ ದುಡ್ಡು ಕೊಟ್ಟು ಬರೆಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಪ್ರತಿ ತಾಲೂಕು ಕಚೇರಿಯಲ್ಲಿ ಈ ಕೆಲಸಕ್ಕೆ ಒಬ್ಬರನ್ನು ನೇಮಿಸಿರಿ. ಅದರಿಂದ ನಮ್ಮ ಗಿರಾಕಿ ಕಡಿಮೆಯಾದರೆ ಆಗಲಿ.

ನಮ್ಮ ಕಡೆಯಿಂದ ಮಾಡಬೇಕಾದದ್ದನ್ನು ನಾವೂ ಮಾಡುತ್ತೇವೆ. ರಾಜ್ಯದ ಮಾಹಿತಿ ಹಕ್ಕು ನಿಯಮಗಳಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಅದನ್ನು ಮೀರಿ ಬರೆದುಕೊಡುವುದಿಲ್ಲ. ಪೋಸ್ಟಲ್ ಆರ್ಡರಿನ ಮೇಲೆ ಪದನಾಮವನ್ನು ಸರಿಯಾಗಿ ತುಂಬುತ್ತೇವೆ, ಅರ್ಜಿಯ ಕೆಳಗೆ ಲಗತ್ತುಗಳನ್ನು ಹಾಳೆ ಸಂಖ್ಯೆ ಸಮೇತ ಬರೆಯುತ್ತೇವೆ, ಸೀಲು ಹಾಕಿಸಿಕೊಳ್ಳಲು ಎರಡನೇ ಪ್ರತಿ ಕೊಟ್ಟೇ ಜನರನ್ನು ಕಳಿಸುತ್ತೇವೆ. ಬೆದರಿಕೆಗೆಂದು ಅರ್ಜಿ ಬರೆಸಲು ಬಂದವರನ್ನು ಸೇರಿಸುವುದಿಲ್ಲ. ಟಪಾಲಿನ ಮೇಜಿನಾಚೆ ಆ ಎರಡನೇ ಪ್ರತಿಗೆ ಸಂಖ್ಯೆ ಬೀಳುವಂತೆ ತಾವು ನೋಡಿಕೊಳ್ಳಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಅರ್ಜಿ ಬರಹಗಾರರು